ಇಂದಿರಜ್ಜಿಗೆ ನಾನು ಹಾಕಿದ ಕುರ್ಚಿ

ಆ ಕುರ್ಚಿಯನ್ನು ಮುಂದಿನ ಸಾಲಿನಲ್ಲಿ ಹಾಕಿದವನು ನಾನು. ಇಂದಿರಜ್ಜಿಯ ಕೈಹಿಡಿದು ಮೂರು ಮಹಡಿ ಇಳಿಸಿ ತಂದು ಅದರಲ್ಲಿ ಕೂಡಿಸಿದವನೂ ನಾನು. ‘ಸುಧಾ ವೈನಿನೇ ಹೇಳಿ ಕಳಿಸ್ಯಾರ’ ಅಂತ ಸುಳ್ಳು ಹೇಳಿದವನೂ— ನಾನೇ.

ಎರಡು ವರ್ಷವಾಯಿತು. ಇಷ್ಟನ್ನು ಬರೆಯಲು ನಾಲ್ಕು ದಿನ ಹಿಡಿದಿದೆ. ಪ್ರತಿ ಸಲ ಸುಳ್ಳಿನ ಮಾತಿಗೆ ಬರುವಷ್ಟರಲ್ಲಿ ಒಂದು ಜೋಕು ತಾನಾಗಿಯೇ ಬಂದು ಕೂತುಬಿಡುತ್ತದೆ, ನಾನೂ ಖುಷಿಯಿಂದ ಅದಕ್ಕೆ ಜಾಗ ಬಿಟ್ಟುಕೊಡುತ್ತೇನೆ. ನನ್ನ ರೋಗವೇ ಅದು. ಸೊಳ್ಳೆ ಕಚ್ಚಿದರೂ ನಾನು ಹೇಳುವಾಗ ಅದಕ್ಕೆ ಹಲ್ಲು ಬಂದಿರುತ್ತವೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ— ಕೆಳಗೆ ಎಲ್ಲಾದರೂ ಹಿಗ್ಗಿಸಿದ್ದು ಕಂಡರೆ ನಿಲ್ಲಿಸಿ ಅಳೆದುಕೊಳ್ಳಿ. ಮೇಲಿನ ಮೂರು ಮಾತುಗಳಲ್ಲಿ ಮಾತ್ರ ಒಂದು ಅಕ್ಷರವೂ ಹಿಗ್ಗಿಲ್ಲ.

ನನ್ನ ಹೆಸರು ಪವನ. ಕಟ್ಟಡಕ್ಕೆಲ್ಲ ಪವ್ಯಾ. ಈಗ ಹದಿನೇಳು, ಆಗ ಹದಿನೈದು. ಪುಣೆಯ ಹಡಪಸರದಲ್ಲಿ ಲಿಫ್ಟ್ ಇಲ್ಲದ ಹಳೆಯ ಸೊಸೈಟಿ ನಮ್ಮದು. ಅಷ್ಟೂ ಮರಾಠಿ ಮನೆಗಳ ನಡುವೆ ಕನ್ನಡದವು ಎರಡೇ. ಎರಡೂ ಮೂರನೆಯ ಮಹಡಿಯಲ್ಲಿ, ಅಡುಗೆಮನೆಗೆ ಅಡುಗೆಮನೆ ಅಂಟಿಕೊಂಡು. ಒಂದು ನಮ್ಮದು. ಇನ್ನೊಂದರಲ್ಲಿ ಧಾರವಾಡದಿಂದ ಬಂದ ಇಂದಿರಜ್ಜಿ, ಅವರ ಮಗ ರಾಘಣ್ಣ, ಸೊಸೆ ಸುಧಾ— ನನಗೆ ವೈನಿ, ಅಂದರೆ ಅತ್ತಿಗೆ. ರಾಘಣ್ಣ ರಾಂಜಣಗಾಂವದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ವೈನಿ ಒಂದು ಆಸ್ಪತ್ರೆಯಲ್ಲಿ ನರ್ಸು. ಅಜ್ಜಿಗೆ ಮೊಳಕಾಲು ನೋವು, ಕಿವಿ ಅರ್ಧ ಮಂದ— ಧಾಟಿ ಕೇಳಿಸುತ್ತದೆ, ಮಾತು ಮಾತ್ರ ಹತ್ತಿರ ಬಂದು ಜೋರಾಗಿ ಹೇಳದಿದ್ದರೆ ಕೇಳಿಸುವುದಿಲ್ಲ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ.

ಎಂಟನೇ ಇಯತ್ತೆಯಿಂದ ನಾನು ಶಾಲೆಯಲ್ಲಿ ಜರ್ಮನ್ ತೆಗೆದುಕೊಂಡಿದ್ದೆ. ಕಟ್ಟಡದಲ್ಲಿ ಮಾತ್ರ ನಾನು ಕನಸನ್ನೂ ಜರ್ಮನ್‌ನಲ್ಲೇ ಕಾಣುತ್ತೇನೆ ಎಂದು ಸುದ್ದಿಯಿತ್ತು. ಹಬ್ಬಿಸಿದವನು ಯಾರು ಎಂದು ಹೇಳಬೇಕಿಲ್ಲ. ಅದನ್ನು ನಂಬಿಯೇ ಒಂದು ಸಂಜೆ ಸುಧಾ ವೈನಿ ಗಚ್ಚಿಯ ಮೇಲೆ, ಒಣಗಿದ ಬಟ್ಟೆ ತೆಗೆಯುತ್ತಾ, ಆಚೀಚೆ ನೋಡಿ ನನ್ನನ್ನು ಕರೆದರು.

“ಪವ್ಯಾ, ಒಂದ ಮಾತು. ಯಾರ ಮುಂದೂ ಬಾಯಿ ಬಿಡಂಗಿಲ್ಲ.”

“ಇಲ್ರಿ ವೈನಿ.”

“ದೇವರಾಣಿ?”

“ದೇವರಾಣಿ.”

ಅವರ ಆಸ್ಪತ್ರೆಯಿಂದ ಒಂದಿಷ್ಟು ನರ್ಸುಗಳು ಜರ್ಮನಿಗೆ ಹೋಗುವುದಿತ್ತು. ಭಾಷೆಯ ಪರೀಕ್ಷೆ ಪಾಸಾದವರಿಗೆ ಮಾತ್ರ ಆ ತಂಡದಲ್ಲಿ ಜಾಗ. ಜೊತೆಯ ಇಬ್ಬರು ಗೆಳತಿಯರು ಫಾರ್ಮು ತುಂಬಿದ್ದರು, ವೈನಿಯೂ ಗುಟ್ಟಾಗಿ ತುಂಬಿದ್ದರು. ಫೋನಿನಲ್ಲಿ ಆನ್‌ಲೈನ್ ಕ್ಲಾಸು ಡ್ಯೂಟಿಯ ಊಟದ ಹೊತ್ತಿಗೆ ನಡೆಯುತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ರಾಘಣ್ಣ ಬ್ಯಾಡ ಅಂತಾರೇನ್ರಿ?” ಅಂತ ಕೇಳಿದೆ.

“ಯಾರೂ ಬ್ಯಾಡ ಅನ್ನಂಗಿಲ್ಲೋ. ನಗ್ತಾರ. ಆಗ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಅರ್ಧಕ್ಕ ಬಿಟ್ಟೆ ನೋಡು? ಮೂರು ವರ್ಷ ಅದನ್ನ ಆಡ್ಕೊಂಡ್ರು. ಫ್ಯಾನ್ ಬಂದ್ ಆದ್ರೂ ‘ಸುಧಾನ್ನ ಕರೀರಿ, ಕಂಪ್ಯೂಟರ್ ಕಲ್ತಾಳ’. ಈ ಸಲ ಪಾಸಾಗಿ, ಕಾಗದ ಕೈಯಾಗ ಹಿಡಕೊಂಡ ಹೇಳ್ತೀನಿ. ಅಲ್ಲೀತನಕ ನಗೋ ಅವಕಾಶ ಯಾರಿಗೂ ಕೊಡಂಗಿಲ್ಲ.”

ನಗುವ ಅವಕಾಶ ಯಾರಿಗೂ ಕೊಡುವುದಿಲ್ಲ— ಇದನ್ನು ಅವರು ಹೇಳಿದ್ದು ಯಾರಿಗೆ! ಇಡೀ ಹಡಪಸರದಲ್ಲಿ ಹುಡುಕಿ ಹುಡುಕಿ ನನಗೆ.

ಪಾಠ ಶುರುವಾಯಿತು. ನೀರಿನ ಟಾಕಿಯ ನೆರಳು, ಒಂದು ಹಳೆಯ ಕ್ಯಾಲೆಂಡರಿನ ಬೆನ್ನು, ನನ್ನ ಸ್ಕೆಚ್ ಪೆನ್ನು. ರಕ್ತ ಕಂಡರೆ ಹೆದರದ, ಕುಡಿದು ಬಂದ ರೋಗಿಯ ಕೈಯನ್ನೇ ಹಿಡಿದು ಸೂಜಿ ಚುಚ್ಚುವ ವೈನಿ, ‘ಡೇರ್’ ಎಂಬ ಒಂದು ಪುಟ್ಟ ಶಬ್ದ ಕಂಡರೆ ಬೆವರುತ್ತಿದ್ದರು.

ಜರ್ಮನ್‌ನಲ್ಲಿ ಪ್ರತಿ ನಾಮಪದದ ಮುಂದೆ ಒಂದು ಚಿಕ್ಕ ಶಬ್ದ ಕಾವಲುಗಾರನಂತೆ ನಿಂತಿರುತ್ತದೆ. ಗಂಡಸಿನ ಮುಂದೆ ಡೇರ್, ಹೆಂಗಸಿನ ಮುಂದೆ ಡೀ. ಹೆಂಗಸು ಅಂದರೆ ಡೀ ಫ್ರೌ. ಹೆಂಗಸನ್ನು ಅಂದರೂ ಡೀ ಫ್ರೌ. ಆದರೆ ಹೆಂಗಸಿಗೆ ಅಂದರೆ ಡೇರ್ ಫ್ರೌ. ಹೆಂಗಸಿನ ಅಂದರೂ ಡೇರ್ ಫ್ರೌ. ನಾನು ದೊಡ್ಡ ಪಂಡಿತನ ಹಾಗೆ ನಾಲ್ಕು ಮನೆಯ ಕೋಷ್ಟಕ ಬರೆದೆ. ವೈನಿ ಅದನ್ನು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು.

“ಅಲ್ಲೋ, ಡೇರ್ ಅಂದ್ರ ಗಂಡಸರದ್ದು ಅಂತ ಮೊನ್ನೆ ನೀನ ಹೇಳಿದಿ. ಇವತ್ತ ಹೆಂಗಸಿನ ಮುಂದ ತಂದು ನಿಲ್ಲಿಸಿಯಲ್ಲ?”

“ಇದು ಬ್ಯಾರೆ ಡೇರ್ ರೀ ವೈನಿ.”

“ಮಾರಿ ಅದೇ ಅದ, ಅಂಗಿ ಅದೇ ಅದ, ಆದ್ರ ಮನಷ್ಯಾ ಬ್ಯಾರೆ? ನಮ್ಮ ವಾರ್ಡಿನ್ಯಾಗ ಹಿಂಗ ಮಾಡಿದ್ರ ತಪ್ಪ ಪೇಷಂಟಿಗೆ ಸಲೈನ್ ಹಚ್ಚತೀವಿ.”

ನಾನು ಕನ್ನಡಕ್ಕೆ ಬಂದೆ. ನಮ್ಮಲ್ಲಿ ಹೆಂಗಸು, ಹೆಂಗಸನ್ನು, ಹೆಂಗಸಿಗೆ, ಹೆಂಗಸಿನ ಅಂತ ಪದದ ಬಾಲವೇ ಬದಲಾಗುತ್ತದೆ. ಅವರಲ್ಲಿ ಫ್ರೌ ಅಂದರೆ ಫ್ರೌ, ಒಬ್ಬಳೇ ಇರುವತನಕ ಅವಳಿಗೆ ಬಾಲವಿಲ್ಲ. ಮುಂದೆ ನಿಂತವನು ಬದಲಾಗುತ್ತಾನೆ.

ವೈನಿ ನಕ್ಕರು. “ಹಂಗಾದ್ರ ಇಕಿ ಭಾಳ ಹಟಮಾರಿ ಬಿಡು. ತಾ ಅಲ್ಲಾಡಂಗಿಲ್ಲ, ಮುಂದಿನಾಂವ ಅಂಗಿ ಬದಲಿಸಬೇಕು.”

ಅವತ್ತಿನಿಂದ ದಾರಿ ಸಲೀಸಾಯಿತು. ಕನ್ನಡದಲ್ಲಿ ‘ಗೆ’ ಬಂದ ಕಡೆ ಡೇರ್ ಇಡಿ ಎಂದು ನಾನೊಂದು ಅಡ್ಡದಾರಿ ಹೇಳಿಕೊಟ್ಟೆ. ಎಲ್ಲ ಕಡೆ ನಡೆಯುವುದಿಲ್ಲ, ಆದರೆ ವಾರ್ಡಿನ ಮಟ್ಟಿಗೆ ಓಡುತ್ತಿತ್ತು. ‘ಇಶ್ ಹೆಲ್ಫ ಡೇರ್ ಫ್ರೌ’— ನಾನು ಆ ಹೆಂಗಸಿಗೆ ಸಹಾಯ ಮಾಡುತ್ತೇನೆ. ಇದನ್ನು ಅವರು ನಿಂತುಕೊಂಡು, ಕೈ ಒರೆಸಿಕೊಂಡು, ನಿಜವಾಗಿ ಯಾರೋ ಎದುರು ಮಲಗಿದ್ದಾರೆ ಎಂಬಂತೆ ಹೇಳುತ್ತಿದ್ದರು. ಮಾತ್ರೆ, ಗಾಯ, ಇಂಜೆಕ್ಷನ್ನು— ಅವರ ಕೆಲಸದ ಅರ್ಧ ಸಾಮಾನೆಲ್ಲ ಅಲ್ಲಿ ಸ್ತ್ರೀಲಿಂಗವೇ. ನರ್ಸಿಗೂ ಅಲ್ಲಿ ‘ಶ್ವೆಸ್ಟರ್’, ಅಂದರೆ ಸಿಸ್ಟರ್ ಅಂತಲೇ ಕರೆಯುತ್ತಾರೆ ಎಂದು ತಿಳಿದ ದಿನ ಅವರು ಕುಣಿದಾಡಿದರು. ಕುಣಿಯಲಿಲ್ಲ. ಬಕೆಟ್ಟನ್ನು ಎತ್ತಿಕೊಂಡು ಸ್ವಲ್ಪ ಜೋರಾಗಿ ನಡೆದರು, ಅಷ್ಟೇ.

ತೊಂದರೆ ಬಾಯಿಪಾಠದ್ದು. ಡ್ಯೂಟಿ, ಬಸ್ಸು, ಮನೆ— ಹೊತ್ತೆಲ್ಲಿ? ಖಾಲಿ ಸಿಗುವುದು ಬೆಳಿಗ್ಗೆ ರೊಟ್ಟಿ ಬಡಿಯುವ ಅರ್ಧ ಗಂಟೆ. ಆದರೆ ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಕೂತಿರುತ್ತಾರೆ.

ಆಗ ನನಗೊಂದು ಉಪಾಯ ಹೊಳೆಯಿತು. ಆ ಮನೆಯಲ್ಲಿ ಒಂದು ರೀತಿ ಇದೆ: ಯಾರಾದರೂ ದೇವರ ಹಾಡು ಹೇಳುತ್ತಿದ್ದರೆ ನಡುವೆ ಮಾತನಾಡಿಸುವ ಹಾಗಿಲ್ಲ. ಬಾಗಿಲು ಬಡಿದರೂ, ಫೋನು ಬಂದರೂ, ಹಾಡು ಮುಗಿಯುವತನಕ ಕಾಯಬೇಕು. ಅಜ್ಜಿ ಶನಿವಾರ ಶನಿವಾರ ಹೇಳುವ ಹನುಮಪ್ಪನ ಹಾಡಿನ ಧಾಟಿ ನನಗೆ ಗೋಡೆಯಾಚೆಯಿಂದ ಕೇಳಿ ಕೇಳಿ ಪಾಠವಾಗಿತ್ತು. ಅದರೊಳಗೆ ಕೋಷ್ಟಕವನ್ನು ಕೂಡಿಸಿದೆ. ಡೀ ಫ್ರೌ ಡೀ ಫ್ರೌ ಡೇರ್ ಫ್ರೌ ಡೇರ್ ಫ್ರೌ— ಅಳತೆ ತೆಗೆದು ಹೊಲಿಸಿದಂತೆ ಕೂತಿತು.

ವೈನಿ ಒಪ್ಪಲಿಲ್ಲ. “ದೇವರ ಧಾಟಿ ಬ್ಯಾಡೋ, ಬ್ಯಾರೆ ಯಾವುದರ ಹಚ್ಚು.”

“ಬ್ಯಾರೆ ಹಚ್ಚಿದ್ರ ಅಜ್ಜಿ ನಡುವ ಮಾತಾಡಸ್ತಾರ್ರಿ. ಹನುಮಪ್ಪ ಸಮುದ್ರ ಹಾರಿದಾಂವ. ನಿಮಗೂ ಹಾರಸ್ತಾನ.”

ಅವರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸದ್ದಿನ ಜೊತೆ ಕೋಷ್ಟಕ ಕೇಳಿ ಬಂತು. ಅಜ್ಜಿ ಟೀವಿಯ ದನಿ ಸಣ್ಣದು ಮಾಡಿದರು. ಹಾಡು ಮುಗಿದ ಮೇಲೆ, “ನಡೀಲಿ ನಡೀಲಿ, ಭಾಳ ಛಲೋ ಹೇಳ್ತಿ” ಅಂದದ್ದೂ ಕೇಳಿಸಿತು. ನಾನು ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆ.

ಅಜ್ಜಿಯ ಹೆಮ್ಮೆಗೆ ಪಾರವಿರಲಿಲ್ಲ. ಮೊಳಕಾಲಿನ ದೆಸೆಯಿಂದ ಅವರು ಹೊರಗೆ ಹೋಗುತ್ತಿರಲಿಲ್ಲ. ಭಜನೆಯ ಹೆಂಗಸರೇ ಅವರ ಮನೆಗೆ ಬರುತ್ತಿದ್ದರು. ಅವರ ಮುಂದೆಲ್ಲ ಒಂದೇ ಮಾತು: “ನಮ್ಮ ಸುಧಾ ರೊಟ್ಟಿ ಬಡಿಯೋತನಾ ದೇವರನ್ನ ಬಿಡಂಗಿಲ್ಲ.” ನಮ್ಮ ಸುಧಾ. ಈ ‘ನಮ್ಮ’ ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಗಣಪತಿ ಬಂದ. ಐದನೆಯ ದಿನ ಸೊಸೈಟಿಯ ಅಂಗಳದಲ್ಲಿ ‘ಗುಣದರ್ಶನ’— ಮಕ್ಕಳು ಮರಿ, ದೊಡ್ಡವರು, ಎಲ್ಲರೂ ವೇದಿಕೆ ಹತ್ತಿ ತಮಗೆ ಬಂದದ್ದನ್ನು ತೋರಿಸುವ ಕಾರ್ಯಕ್ರಮ. ಎದುರು ವಿಂಗಿನ ತನ್ಮಯ ಎರಡು ವರ್ಷದಿಂದ ಮಿಮಿಕ್ರಿ ಮಾಡಿ ಬಹುಮಾನದ ಕಪ್ಪು ಹೊಡೆಯುತ್ತಿದ್ದ. ಅವನನ್ನು ಸೋಲಿಸುವ ಐಟಂ ನಮ್ಮ ಗೋಡೆಯಾಚೆ ದಿನಾ ಬೆಳಿಗ್ಗೆ ತಾನಾಗಿಯೇ ನಡೆಯುತ್ತಿತ್ತು.

ಹೆಸರು ಹೇಳದಿದ್ದರಾಯಿತು ಅಂದುಕೊಂಡೆ. ಅವ್ವನ ಹಳೆಯ ಸೀರೆ, ತಲೆಯ ಮೇಲೆ ಸೆರಗು, ಮುಂದೆ ತವೆ, ಕೈಯಲ್ಲಿ ಪೇಪರಿನ ರೊಟ್ಟಿ. ಬಡಿಯುತ್ತಾ ಭಕ್ತಿಯಿಂದ ಕೋಷ್ಟಕ ಹಾಡುವುದು. ಆದರೆ ಕನ್ನಡಿಯ ಮುಂದೆ ಮಾಡಿ ನೋಡಿದರೆ ಏನೋ ಕಡಿಮೆ. ಮರಾಠಿ ಜನಕ್ಕೆ ಆ ಧಾಟಿ ಗೊತ್ತಿಲ್ಲ. ಅದು ದೇವರ ಹಾಡು ಎಂದು ಅವರಿಗೆ ಹೇಗೆ ತಿಳಿಯಬೇಕು? ಅದನ್ನು ನಿಜವಾಗಿಯೂ ನಂಬಿ, ನಿಜವಾಗಿಯೂ ಕೈಮುಗಿಯುವ ಒಬ್ಬರು ಎಲ್ಲರಿಗೂ ಕಾಣುವಂತೆ ಮುಂದೆ ಕೂತಿರಬೇಕು.

ಇದೇ ಆ ಗಳಿಗೆ. ಹೊಳೆದಾಗ ನನಗೆ ನಾಚಿಕೆಯಾಗಲಿಲ್ಲ— ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಅವತ್ತು ಸಂಜೆ ವೈನಿ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ನಾನು ಅಜ್ಜಿಯ ಹತ್ತಿರ ಹೋದೆ.

“ಅಜ್ಜಿ, ನಡೀರಿ ಕೆಳಗ. ಇವತ್ತ ದೇವರ ಹಾಡದ.”

“ಈ ಕಾಲು ಕಟಗೊಂಡು ಎಲ್ಲಿ ಇಳೀಲೋ? ನೀವ ಹೋಗ್ರಿ.”

ಆಗ ಅಂದೆ— “ಸುಧಾ ವೈನಿನೇ ಹೇಳಿ ಕಳಿಸ್ಯಾರ ಅಜ್ಜಿ. ಅತ್ತಿಯವರನ್ನ ಕರಕೊಂಡ ಹೋಗಿ ಮುಂದ ಕೂಡಸು ಅಂತ. ನಿಮ್ಮ ಸಲುವಾಗಿನ ಅದ ಅಂತ.”

ಅಜ್ಜಿಯ ಮುಖ ಅರಳಿತು. ಎದ್ದು ಇಳಕಲ್ ಸೀರೆ ಉಟ್ಟರು. ಕನ್ನಡಿಯ ಮುಂದೆ ಎರಡು ಸಲ ನಿಂತರು. ಐವತ್ತನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ “ಶ್ರೀಹರಿ” ಅಂದು, ಪ್ರತಿ ತಿರುವಿನಲ್ಲೂ ನಿಂತು, ನನ್ನ ಭುಜದ ಮೇಲೆ ಇಡೀ ಭಾರ ಹಾಕಿ ಇಳಿದರು. ಎರಡನೆಯ ಮಹಡಿಯಲ್ಲಿ ಉಸಿರು ಬಿಡುತ್ತಾ, “ಎಷ್ಟ ಚಿಂತಿ ನೋಡು ನನ್ನ ಸೊಸಿಗೆ” ಅಂದರು. ಆಗಲಾದರೂ ನಾನು ತಿರುಗಿಸಿ ಕರೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಬಿಳಿ ಪ್ಲಾಸ್ಟಿಕ್ ಕುರ್ಚಿಯನ್ನು ಮುಂದಿನ ಸಾಲಿನ ನಡುವೆ, ವೇದಿಕೆಯ ದೀಪದ ಬೆಳಕು ಮುಖಕ್ಕೆ ಬೀಳುವ ಹಾಗೆ ಹಾಕಿದೆ. ಹಾಕಿ, ಸ್ವಲ್ಪ ಎಡಕ್ಕೆ ಸರಿಸಿದೆ. ಬೆಳಕು ಸರಿಯಾಗಿ ಬೀಳಬೇಕಿತ್ತಲ್ಲ.

ಐದುನೂರು ಜನ— ಇಲ್ಲ. ಕುರ್ಚಿಗಳೇ ಎಂಬತ್ತು.

ನಾನು ಹಾಡಿದೆ. ಎರಡನೆಯ ಸಾಲಿಗೆ ಅಜ್ಜಿ ಕಣ್ಣುಮುಚ್ಚಿ ಕೈಮುಗಿದರು. ‘ಡೇರ್ ಫ್ರೌ’ಗೆ ತಲೆ ತೂಗಿದರು. ಮೊದಲು ತುದಿಯಲ್ಲಿ ಯಾರೋ ನಕ್ಕರು, ಆಮೇಲೆ ಸಾಲಿಗೆ ಸಾಲೇ ಅಜ್ಜಿಯ ಕಡೆ ತಿರುಗಿ ನಗತೊಡಗಿತು. ಅಜ್ಜಿ ಕಣ್ಣುಬಿಟ್ಟು, ಹುಡುಗನ ಸೀರೆಗೆ ನಗುತ್ತಿದ್ದಾರೆ ಅಂದುಕೊಂಡು ತಾವೂ ನಕ್ಕರು.

ಕಾರ್ಯಕ್ರಮದ ನಿರೂಪಣೆ ಮಾಡುತ್ತಿದ್ದ ಕಾಕು ಮೈಕಿನಲ್ಲಿ ಮರಾಠಿಯಲ್ಲಿ, ಇದು ಯಾವ ಸ್ತೋತ್ರವೋ ಎಂದು ಕೇಳಿದರು. ನಾನು, “ಸ್ತೋತ್ರ ನಾಹೀ ಕಾಕೂ, ಜರ್ಮನ ವ್ಯಾಕರಣ ಆಹೇ!” ಅಂದೆ— ಸ್ತೋತ್ರವಲ್ಲ, ಜರ್ಮನ್ ವ್ಯಾಕರಣ. ಚಪ್ಪಾಳೆ. ಸಾಕಿತ್ತು. ಕಪ್ಪು ಅಷ್ಟರಲ್ಲೇ ನನ್ನದಾಗಿತ್ತು. ಆದರೆ ಆ ‘ಜರ್ಮನ’ ಅನ್ನುವುದು ಅಜ್ಜಿಗೆ ಮೈಕಿನಿಂದಾಗಿ ಕೇಳಿಸಿತು. ಅವರು ಕೂತಲ್ಲಿಂದಲೇ, ಮಂದ ಕಿವಿಯವರ ದೊಡ್ಡ ದನಿಯಲ್ಲಿ ಕೇಳಿದರು—

“ಪವ್ಯಾ, ಇದು ನಮ್ಮ ಸುಧಾ ದಿನಾ ಹೇಳೋದಲ್ಲೇನೋ?”

ಇಲ್ಲ ಅಜ್ಜಿ, ಅದು ಬೇರೆ— ಅಂದಿದ್ದರೆ ಮುಗಿಯುತ್ತಿತ್ತು. ಮೈಕು ನನ್ನ ಕೈಯಲ್ಲಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ನೋಟದ ರುಚಿ ಹತ್ತಿದವರಿಗೆ ಮಾತ್ರ ಗೊತ್ತು ಅದು— ಬೇಡ. ಇದೂ ನೆಪವೇ.

“ಅದೇ ಅಜ್ಜಿ! ಒಂದ ಅಕ್ಷರ ಬಿಟ್ಟಿಲ್ಲ!”

ಯಾರೋ ಮರಾಠಿಗೆ ತಿರುಗಿಸಿ ಹೇಳಿದರು. ನಗು ಎರಡನೆಯ ಸಲ ಎದ್ದಿತು, ಮೊದಲಿನದಕ್ಕಿಂತ ದೊಡ್ಡದಾಗಿ. ಆಗ ನೋಡಿದೆ— ಹಿಂದುಗಡೆ, ಪ್ರಸಾದದ ಮೇಜಿನ ಹತ್ತಿರ, ಡ್ಯೂಟಿಯ ಚೀಲ ಇನ್ನೂ ಹೆಗಲಲ್ಲೇ ಇರುವಂತೆ, ಸುಧಾ ವೈನಿ.

ಅಜ್ಜಿ ಎದ್ದು ಹೋಗಲಿಲ್ಲ. ಹೋಗಲು ಕಾಲು ಬೇಕಲ್ಲ. ಕಾರ್ಯಕ್ರಮ ಮುಗಿಯುವವರೆಗೆ ಆ ಬೆಳಕಿನಲ್ಲೇ, ಮಡಿಲಲ್ಲಿ ಕೈಯಿಟ್ಟು ಕೂತಿದ್ದರು.

ಮರುದಿನದಿಂದ ಮೆಟ್ಟಿಲಿನ ಮೇಲೆ ಹುಡುಗರು ವೈನಿಯನ್ನು ಕಂಡರೆ ‘ಡೀ ಫ್ರೌ’ ಹಾಡತೊಡಗಿದರು. ವಾಚಮನ್ ಕೂಡ ಗೇಟಿನಲ್ಲಿ ಸಲಾಮು ಹೊಡೆದು “ಗುಟನ್ ಮಾರ್ಗನ್, ಮ್ಯಾಡಮ್” ಅನ್ನುತ್ತಿದ್ದ. ರಾಘಣ್ಣ ನಕ್ಕರು: “ಹೇಳಿದ್ರ ನಾ ಏನ ಬ್ಯಾಡ ಅಂತಿದ್ನೇನ? ಹನುಮಪ್ಪನ್ನ ಯಾಕ ನಡುವ ತಂದಿ ಮಾರಾಯ್ತಿ?” ಕೆಟ್ಟ ಮನುಷ್ಯರಲ್ಲ, ವೈನಿ ಮೊದಲೇ ಹೇಳಿದ್ದರಲ್ಲ— ಯಾರೂ ಬೇಡ ಅನ್ನುವುದಿಲ್ಲ, ನಗುತ್ತಾರೆ. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಗೋಡೆಯಾಚೆ ಹಾಡು ನಿಂತಿತು, ಬರೀ ರೊಟ್ಟಿಯ ಸದ್ದು. ಪರೀಕ್ಷೆಯ ಬೆಳಿಗ್ಗೆ ವೈನಿ ಗಚ್ಚಿಯ ಮೇಲೆ ಬೆಡ್‌ಶೀಟು ಒಣಹಾಕುತ್ತಿದ್ದರು. ಗೆಳತಿಯರಿಬ್ಬರೂ ಆಮೇಲೆ ಜರ್ಮನಿಗೆ ಹೋದರು.

ಒಮ್ಮೆ ಮೆಟ್ಟಿಲಿನ ಮೇಲೆ ವೈನಿ ನನ್ನನ್ನು ನಿಲ್ಲಿಸಿ ಕೇಳಿದರು: “ಅತ್ತಿಯವರು ಮುಂದ ಕೂತಿದ್ದು ನಿನಗ ಮೊದಲ ಗೊತ್ತಿತ್ತೇನೋ?”

“ಇಲ್ರಿ ವೈನಿ. ಲೈಟಿನ್ಯಾಗ ಏನೂ ಕಾಣಲಿಲ್ಲ. ಅವರ ದನಿ ಕೇಳಿದ ಮ್ಯಾಲೇ ಗೊತ್ತಾತು.”

“ಹೋಗ್ಲಿ ಬಿಡು. ನಿನ್ನದೇನು ತಪ್ಪು. ದೇವರ ಧಾಟಿ ತಗೊಂಡಾಕಿ ನಾನು.” ಧಾಟಿ ಕೊಟ್ಟವನು ಎದುರಿಗೇ ನಿಂತಿದ್ದೆ. ಅವರು ನನ್ನ ತಲೆ ಸವರಿ ಹೋದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ನಿಜ ಹೇಳುತ್ತಿದ್ದೇನೆ. ಎರಡು ವರ್ಷ ಕಪ್ಪನ್ನು ಕಪಾಟಿನ ಮೇಲಿಟ್ಟುಕೊಂಡು ಆರಾಮಾಗಿಯೇ ಇದ್ದೆ. ಕಳೆದ ವಾರ ಈ ವರ್ಷದ ಗಣಪತಿಗೆ ಕಮಿಟಿಯವರು, “ಆ ಜರ್ಮನ್ ಐಟಂ ಇನ್ನೊಮ್ಮೆ ಮಾಡು” ಅಂದರು. ಊಟಕ್ಕೆ ಎಷ್ಟು ಜನ ಎಂದು ಬರೆದುಕೊಳ್ಳಲು ಮನೆಮನೆಗೆ ಹೋದೆ. ಇಂದಿರಜ್ಜಿ ಬಾಗಿಲು ತೆರೆದರು. ವೈನಿ ಡ್ಯೂಟಿಯಲ್ಲಿದ್ದರು.

“ಅಜ್ಜಿ, ಈ ಸಲ ಕೆಳಗ ಬರ್ತೀರೇನ್ರಿ?”

“ಬ್ಯಾಡಪಾ. ಒಮ್ಮೆ ಅಕಿ ನನ್ನನ್ನ ಮುಂದ ಕೂಡಸಿದ್ಲು. ಸಾಕಾತು.”

ಅಜ್ಜಿ ಮೆಲ್ಲಗೆ, ಯಾರಿಗೂ ಹೇಳದ್ದನ್ನು ಹೇಳುವ ಹಾಗೆ ಅಂದರು: “ಮುದುಕಿನ್ನ ಕೂಡಿಸಿ ಮಂದಿ ಕಡಿಂದ ನಗಸಬೇಕು ಅಂತ ಅಕಿಗೆ ಯಾಕ ಅನಸ್ತೋ, ಇವತ್ತಿಗೂ ತಿಳಿವಲ್ದು. ಕೇಳಲಿಲ್ಲ ನಾ. ಕೇಳಿದ್ರ ಮನಿ ಒಡೀತಿತ್ತು. ನೀ ಸಣ್ಣಾಂವ, ಅಕಿ ಹೇಳಿದಂಗ ಮಾಡಿದಿ. ನಿನ್ನ ಮ್ಯಾಲೆ ಸಿಟ್ಟಿಲ್ಲ ನನಗ.”

ಅಕಿ. ‘ನಮ್ಮ ಸುಧಾ’ ಹೋಗಿ ಅಕಿ. ಎರಡು ವರ್ಷದಿಂದ.

ವೈನಿ ತಿಳಿದುಕೊಂಡಿರುವುದು— ಧಾಟಿ ಕದ್ದದ್ದಕ್ಕೆ ಅತ್ತೆಗೆ ಸಿಟ್ಟು. ಅಜ್ಜಿ ತಿಳಿದುಕೊಂಡಿರುವುದು— ತನ್ನನ್ನು ನಗೆಪಾಟಲು ಮಾಡಲು ಸೊಸೆಯೇ ಕರೆಸಿದಳು. ಒಂದೇ ಅಡುಗೆಮನೆಯಲ್ಲಿ ದಿನಾ ಇಬ್ಬರೂ. ಎರಡೂ ತಪ್ಪು ಎಂದು ಗೊತ್ತಿರುವವನು ಗೋಡೆಯ ಈಚೆ ಒಬ್ಬನೇ. ಇಬ್ಬರೂ ನನ್ನನ್ನು ಬೇರೆಬೇರೆಯಾಗಿ ಕ್ಷಮಿಸಿಯೂ ಆಗಿದೆ— ನಾನು ಮಾಡದ್ದಕ್ಕೆ. ಮಾಡಿದ್ದನ್ನು ಯಾರೂ ಕೇಳಿಲ್ಲ.

ಅವತ್ತಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಮೊದಲು ಹೊಳೆದದ್ದು ಏನು ಗೊತ್ತೇ? ಈ ಸಲ ವೇದಿಕೆ ಹತ್ತಿ, ಮೈಕಿನಲ್ಲಿ, ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು. ಕಣ್ಣೀರು, ಚಪ್ಪಾಳೆ— ಎಲ್ಲಿ ನಿಲ್ಲಬೇಕು, ಎಲ್ಲಿ ಗಂಟಲು ಬಿಗಿಯಬೇಕು ಎಂದು ಅರ್ಧ ತಾಲೀಮೂ ಆಯಿತು. ಆಮೇಲೆ ಅಜ್ಜಿಯನ್ನು ಎಲ್ಲಿ ಕೂಡಿಸುವುದು ಎಂದು ಯೋಚಿಸುತ್ತಿರುವುದು ಗಮನಕ್ಕೆ ಬಂತು. ಮತ್ತೆ ಕುರ್ಚಿ! ಕಮಿಟಿಗೆ ಐಟಂ ಮಾಡುವುದಿಲ್ಲ ಎಂದು ಮೆಸೇಜು ಹಾಕಿದೆ.

ಇವತ್ತು ವೈನಿಗೆ ವಾರದ ರಜೆ. ಇಬ್ಬರೂ ಮನೆಯಲ್ಲಿದ್ದಾರೆ. ಹೇಳಬೇಕಾದದ್ದು ಎರಡೇ ಮಾತು: ಅಜ್ಜಿ, ಮುಂದ ಕೂಡಸು ಅಂತ ವೈನಿ ಹೇಳಿರಲಿಲ್ಲ, ನಾ ಸುಳ್ಳು ಹೇಳಿದೆ. ವೈನಿ, ಅಜ್ಜಿ ಅಲ್ಲಿ ಕೂತಿದ್ದು ನನಗ ಗೊತ್ತಿತ್ತು, ಕೂಡಿಸಿದಾಂವ ನಾನ. ಬೆಳಗಿನಿಂದ ಹೇಳಿ ಹೇಳಿ ನೋಡುತ್ತಿದ್ದೇನೆ. ಕೊನೆಯಲ್ಲಿ ಪ್ರತಿ ಸಲ ನಾಲಿಗೆ ಒಂದು ಚಟಾಕಿ ಸೇರಿಸುತ್ತದೆ. ತೆಗೆಯುತ್ತೇನೆ. ಮತ್ತೆ ಬರುತ್ತದೆ. ತೆಗೆಯುತ್ತೇನೆ.

ಅವರ ಪರೀಕ್ಷೆ ಇದರಿಂದ ವಾಪಸ್ಸು ಬರುವುದಿಲ್ಲ. ಅಜ್ಜಿ ಆ ಬೆಳಕಿನಲ್ಲಿ ಕೂತದ್ದೂ ಅಳಿಸುವುದಿಲ್ಲ. ಕ್ಷಮಿಸಿದ್ದನ್ನು ಇಬ್ಬರೂ ವಾಪಸ್ಸು ತೆಗೆದುಕೊಳ್ಳಬಹುದು. ತೆಗೆದುಕೊಳ್ಳಲಿ.

ಗೋಡೆಯಾಚೆ ರೊಟ್ಟಿ ಬಡಿಯುವುದು ಶುರುವಾಗಿದೆ. ಹಾಡಿಲ್ಲ. ಆ ಮನೆಯಲ್ಲಿ ಆರು ರೊಟ್ಟಿ ಆಗುತ್ತವೆ, ಇದು ಎರಡನೆಯದು. ಹಾಡು ಹೇಳುವವರನ್ನು ನಡುವೆ ಮಾತನಾಡಿಸಬಾರದು, ಆದರೆ ಈಗ ಅಲ್ಲಿ ಹಾಡುವವರು ಯಾರೂ ಇಲ್ಲ. ಮೂರನೆಯದು ತವೆಗೆ ಬೀಳುವುದರೊಳಗೆ ನಾನು ಅವರ ಬಾಗಿಲು ಬಡಿದಿರಬೇಕು.